ಊಟಿಯ ನೀರಿಗೆ ಬಂದ ಪರದೇಶದ ಮೀನು

ಊಟಿಗೆ ಪ್ರವಾಸ ಹೋದವರು ಅಲ್ಲಿನ ಕೆರೆಯಲ್ಲಿ ಒಂದು ಸುತ್ತು ದೋಣಿ ವಿಹಾರ ಮಾಡದೆ ಹಿಂದಿರುಗುವುದು ಅಪರೂಪ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಘಟ್ಟ ಹತ್ತಿದ ಬಸ್ಸು ನಿಲ್ಲುವ ಜಾಗಕ್ಕೆ ಈ ಕೆರೆ ತೀರಾ ಹತ್ತಿರ. ಸುತ್ತ ಎತ್ತರದ ನೀಲಗಿರಿ ಮರಗಳು, ಆಗಾಗ ಇಳಿಯುವ ಮಂಜು, ತಣ್ಣನೆಯ ಗಾಳಿ. ಇದು ಪ್ರಕೃತಿಯೇ ಬೆಟ್ಟದ ಮಡಿಲಲ್ಲಿ ಇಟ್ಟ ಸರೋವರ ಎಂದುಕೊಂಡು, ಫೋಟೊ ತೆಗೆಸಿಕೊಂಡು ಬರುವವರೇ ಹೆಚ್ಚು.

ನಿಜ ಸಂಗತಿ ಬೇರೆ. ಈ ಕೆರೆಗೆ ಏರಿ ಕಟ್ಟಿಸಿದ್ದು ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಅಧಿಕಾರಿ. ನೀಲಗಿರಿ ಎಂದೇ ಹೆಸರಾದ ಮರ ಈ ಬೆಟ್ಟಗಳಿಗೆ 1843ರಲ್ಲಿ ಬಂದದ್ದು. ಅದರ ತವರು ಆಸ್ಟ್ರೇಲಿಯ. ನೀರಿನೊಳಗಿನ ಕಥೆಯೂ ಹೀಗೆಯೇ. ಯೂರೋಪಿನ ಟೆಂಚ್, ಯೂರೋಪಿನ ಗೆಂಡೆ ಇಲ್ಲಿಗೆ ಮನುಷ್ಯರ ಕೈಯಿಂದ ಬಂದು ಬಿದ್ದವು. ಊಟಿಯಿಂದ ಆಚೆ ಅವಲಾಂಚೆ, ಪೈಕಾರ, ಮುಕುರ್ತಿಗಳ ನೀರಿನಲ್ಲಿ ಇರುವ ಟ್ರೌಟ್ ಕೂಡ ಹೊರಗಿನದೇ.

ಬಯಲು ಸೀಮೆಯ ಸೆಕೆ, ಕಾಯಿಲೆ, ಕಚೇರಿಯ ಗಡಿಬಿಡಿಗಳಿಂದ ಬೇಸತ್ತು, ನಿಧಾನದ ಬದುಕನ್ನು ಅರಸಿ ಬೆಟ್ಟ ಹತ್ತಿದ ಬಿಳಿಯರು ಅಲ್ಲಿ ಗಾಳ ಹಾಕಿ ಕೂರುವ ಸುಖಕ್ಕಾಗಿ ಸುಮಾರು ಅರ್ಧ ಶತಮಾನ ಹೆಣಗಿದರು. ಅವರು ನೆಮ್ಮದಿಯನ್ನೇನೋ ಬಯಸಿ ಬಂದರು. ಆದರೆ ಬೆಟ್ಟ ಇದ್ದ ಹಾಗೆ ಅವರಿಗೆ ಸಾಕಾಗಲಿಲ್ಲ. ಬಿಟ್ಟುಬಂದ ಊರಿನ ನೀರು, ಆ ನೀರಿನ ಮೀನು, ಆ ಮೀನಿನ ಕಾನೂನು ಎಲ್ಲವನ್ನೂ ಜತೆಗೆ ತಂದರು. ಅದರ ಪರಿಣಾಮ ಇಂದಿಗೂ ಉಳಿದಿದೆ.

ಬೆಟ್ಟ ಹತ್ತಿದ ಕಲೆಕ್ಟರ್

1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದಾಗ ಅವನ ರಾಜ್ಯದ ಹಲವು ಭಾಗಗಳ ಜತೆ ನೀಲಗಿರಿ ಬೆಟ್ಟಗಳೂ ಕಂಪನಿಯ ಪಾಲಾದವು. ಆದರೆ ಮುಂದಿನ 20 ವರ್ಷ ಆ ಬೆಟ್ಟದ ಮೇಲೆ ನೆಲೆಸುವ ಯೋಚನೆ ಯಾವ ದೊರೆಗೂ ಬರಲಿಲ್ಲ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿ ಕೋಟಗಿರಿಯ ಬಳಿಗೆ ಬಂದ. ಕೆಳಗೆ ಬೆವರು ಸುರಿಸುತ್ತಿದ್ದವನಿಗೆ ಇಲ್ಲಿ ಕಂಬಳಿ ಬೇಕಾಯಿತು! ಯೂರೋಪಿನ ಹವೆ ಮದರಾಸು ಪ್ರಾಂತ್ಯದಲ್ಲೇ ಸಿಕ್ಕಿತೆಂದು ಅವನು ಮೇಲಿನವರಿಗೆ ಬರೆದ.

1822ರಲ್ಲಿ ಸಲಿವನ್ ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಿಸತೊಡಗಿದ. ತೋಡರ ಹಟ್ಟಿಗೆ 'ಮಂದ್' ಎಂದು ಹೆಸರು. ಇಂಥದೊಂದು ಮಂದ್‌ನ ಹೆಸರೇ ಊರಿನ ಹೆಸರಾಯಿತು. ಮನೆಯ ಬೆನ್ನಿಗೇ ಕೆರೆಯ ಕೆಲಸವೂ ಶುರುವಾಯಿತು. ಕಣಿವೆಯಲ್ಲಿ ಹರಿಯುತ್ತಿದ್ದ ತೊರೆಗಳಿಗೆ ಅಡ್ಡಲಾಗಿ ಏರಿ ಹಾಕಿ, 1823ರಿಂದ 1825ರೊಳಗೆ ನೀರು ನಿಲ್ಲಿಸಲಾಯಿತು. ಕೆಳಗಿನ ಹೊಲಗಳಿಗೆ ನೀರು ಒದಗಿಸುವುದು ಮೊದಲ ಉದ್ದೇಶವಾಗಿತ್ತು. ಆದರೆ ಸ್ವಲ್ಪ ಕಾಲದಲ್ಲೇ ಕೆರೆ ನೀರಾವರಿಗಿಂತ ವಿಹಾರದ ತಾಣವಾಯಿತು. ದಡದ ಸುತ್ತ ಕುದುರೆ ಸವಾರಿ, ಸಂಜೆಯ ಸುತ್ತಾಟ, ದೋಣಿ, ಗಾಳ.

ಮದರಾಸು ಗವರ್ನರ್ ಸರ್ ಥಾಮಸ್ ಮನ್ರೋ 1826ರಲ್ಲಿ ಇಲ್ಲಿಗೆ ಬಂದು ಸಲಿವನ್‌ನ ಅತಿಥಿಯಾಗಿದ್ದ. ಮುಂದಿನ ಗವರ್ನರ್ ಸ್ಟೀಫನ್ ಲಷಿಂಗ್ಟನ್‌ನ ಕಾಲದಲ್ಲಿ ಊಟಿ ಕಾಯಿಲೆ ಬಿದ್ದ ಸೈನಿಕರ, ಅಧಿಕಾರಿಗಳ ಆರೋಗ್ಯಧಾಮವಾಯಿತು. ಆಗ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಮರದ ತೊಲೆಗಳು ಬಂದದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ. ಅಲ್ಲಿ ಕಿತ್ತ ತೊಲೆಗಳನ್ನು ಘಟ್ಟ ಹತ್ತಿಸಿ ತಂದು ಇಲ್ಲಿ ಇಂಗ್ಲೆಂಡಿನ ಹಳ್ಳಿಯ ಚರ್ಚೊಂದರ ಹಾಗೆ ಕಟ್ಟಡ ಎಬ್ಬಿಸಲಾಯಿತು. ಹೂದೋಟ, ಆಲೂಗೆಡ್ಡೆ, ಸ್ಟ್ರಾಬೆರಿ, ಓಕ್ ಮರ ಎಲ್ಲವೂ ಒಂದೊಂದಾಗಿ ಬಂದವು.

ಅವರಿಗಿಂತ ಮುಂಚೆ ಬಂದವರು

ಈ ಬೆಟ್ಟಕ್ಕೆ ವಲಸೆ ಬಂದವರಲ್ಲಿ ಬಿಳಿಯರೇ ಮೊದಲಿಗರಲ್ಲ. ಕನ್ನಡಿಗರಿಗೆ ಹತ್ತಿರದ ನಂಟಿರುವ ಬಡಗರು ಅವರಿಗಿಂತ ಶತಮಾನಗಳಷ್ಟು ಮುಂಚೆ ಬಂದವರು. ಬಡಗ ಎಂದರೆ ಉತ್ತರ. ಉತ್ತರದ ಮೈಸೂರು ಸೀಮೆಯಿಂದ ಬಂದವರಾದ್ದರಿಂದ ಆ ಹೆಸರು. ಬಯಲಿನ ದೊರೆಗಳ ಕಾಟ ತಾಳಲಾರದೆ ಬೆಟ್ಟ ಸೇರಿದೆವೆಂಬುದು ಅವರ ಹಿರಿಯರು ಹೇಳಿಕೊಂಡು ಬಂದ ಕಥೆ. 1565ರ ವಿಜಯನಗರದ ಪತನದ ನಂತರ ಈ ವಲಸೆ ನಡೆಯಿತೆಂದು ಹೇಳುವುದುಂಟು. 1603ರಲ್ಲಿ ಬೆಟ್ಟಕ್ಕೆ ಬಂದ ಜೆಸ್ಯೂಟ್ ಪಾದ್ರಿ ಫೆನಿಸಿಯೊ ಅಲ್ಲಿ ತೋಡರ ಜತೆ ಬಡಗರನ್ನೂ ಕಂಡಿದ್ದ. ಅವರ ಮಾತನ್ನು ಇಂದು ಭಾಷಾತಜ್ಞರು ಕನ್ನಡಕ್ಕೆ ತೀರ ಸಮೀಪದ ಪ್ರತ್ಯೇಕ ದ್ರಾವಿಡ ಭಾಷೆ ಎಂದು ಪರಿಗಣಿಸುತ್ತಾರೆ.

ಬಡಗರೂ ಬೆಟ್ಟವನ್ನು ಬದಲಿಸಿದರು. ಹುಲ್ಲುಗಾವಲನ್ನು ಉತ್ತು ಹೊಲ ಮಾಡಿದರು. ಆದರೆ ಅಲ್ಲಿದ್ದವರ ಜತೆ ಕೊಡು-ಕೊಳ್ಳುವ ಕಟ್ಟುಪಾಡಿನೊಳಗೆ ಸೇರಿಕೊಂಡರು. ಬೆಳೆದ ದವಸದಲ್ಲಿ ಒಂದು ಪಾಲು ಎಮ್ಮೆ ಸಾಕುವ ತೋಡರಿಗೆ ಸಲ್ಲುತ್ತಿತ್ತು. ತೋಡರಿಂದ ತುಪ್ಪ ಬರುತ್ತಿತ್ತು. ಕೋಟರು ಮಡಕೆ, ಕಬ್ಬಿಣದ ಸಾಮಾನು ಮಾಡಿಕೊಟ್ಟು ಮೇಳಕ್ಕೂ ಬರುತ್ತಿದ್ದರು. ಕುರುಂಬರು ಕಾಡಿನ ಜೇನು, ಬಿದಿರು ತರುತ್ತಿದ್ದರು. ಜಗಳ, ಅಂಜಿಕೆಗಳೂ ಇದ್ದವು. ಆದರೂ ಯಾರು ಯಾರಿಗೆ ಏನು ಕೊಡಬೇಕೆಂಬ ಲೆಕ್ಕ ಎಲ್ಲರಿಗೂ ತಿಳಿದಿತ್ತು.

ಕಂಪನಿಯ ಜನ ಬಂದಾಗ ಈ ಲೆಕ್ಕ ತಪ್ಪಿತು. ಸಲಿವನ್ ತೋಡರಿಂದ ತೀರಾ ಅಗ್ಗದ ಬೆಲೆಗೆ ನೆಲ ಕೊಂಡ. ವಿಚಿತ್ರವೆಂದರೆ, ಈ ಬೆಟ್ಟಗಳ ನೆಲ ತೋಡರಿಗೆ ಸೇರಿದ್ದು, ಸರ್ಕಾರ ಅದನ್ನು ತನ್ನದೆನ್ನಬಾರದು ಎಂದು ಮುಂದೆ ವಾದಿಸಿದವನೂ ಅವನೇ. ಆ ವಾದವನ್ನು ಮದರಾಸು ಸರ್ಕಾರ ಪೂರ್ತಿಯಾಗಿ ಒಪ್ಪಲಿಲ್ಲ. ಅವನ ಪತ್ನಿ ಹೆನ್ರಿಯೆಟಾ ಮತ್ತು ಒಬ್ಬ ಮಗಳು 1838ರಲ್ಲಿ ತೀರಿಕೊಂಡರು. ಸೇಂಟ್ ಸ್ಟೀಫನ್ಸ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. ಸಲಿವನ್ ಇಂಗ್ಲೆಂಡಿಗೆ ಮರಳಿ 1855ರಲ್ಲಿ ನಿಧನನಾದ. ಅವನು ಕಟ್ಟಿಸಿದ ಕೆರೆ ಉಳಿಯಿತು.

ಬೇಸರ ಕಳೆಯುವ ದಾರಿ

ನಿಧಾನದ ಊರು ದೂರದಿಂದ ಚೆನ್ನ. ಅಲ್ಲೇ ತಿಂಗಳುಗಟ್ಟಲೆ ಇರಬೇಕಾದವನಿಗೆ ಹೊತ್ತು ಹೋಗುವುದು ಕಷ್ಟ. 1847ರಲ್ಲಿ ಕಾಯಿಲೆಯ ರಜೆಯ ಮೇಲೆ ಊಟಿಗೆ ಬಂದ ತರುಣ ಸೇನಾಧಿಕಾರಿ ರಿಚರ್ಡ್ ಬರ್ಟನ್ ಇದಕ್ಕೆ ಸಾಕ್ಷಿ. ಮುಂದೆ ಪ್ರಸಿದ್ಧ ಪರ್ಯಟಕನಾದ ಈತ 1851ರಲ್ಲಿ ಪ್ರಕಟಿಸಿದ ಗೋವಾ-ನೀಲಗಿರಿ ಪ್ರವಾಸದ ಪುಸ್ತಕದಲ್ಲಿ ಊಟಿಯ ಜೀವನ ಎಷ್ಟು ಬೇಸರದ್ದೆಂದು ಗೇಲಿ ಮಾಡಿದ್ದಾನೆ. ಮೊದಲ ಕೆಲವು ದಿನಗಳ ತಂಪು ಹಿತವಾದರೂ ಆಮೇಲೆ ಮಾಡಲು ಏನೂ ಇಲ್ಲ ಎಂಬುದು ಅವನ ದೂರು.

ಈ ಬೇಸರ ಕಳೆಯಲು ಬಿಳಿಯರು ತಮ್ಮ ಊರಿನ ಆಟಗಳನ್ನೇ ತಂದರು. ಇಂಗ್ಲೆಂಡಿನಿಂದ ಬೇಟೆನಾಯಿಗಳನ್ನು ತರಿಸಿದರು. ಅಟ್ಟಿಸಿಕೊಂಡು ಹೋಗಲು ಅವರ ಊರಿನ ನರಿ ಇಲ್ಲಿಲ್ಲ. ಬದಲಿಗೆ ಇಲ್ಲಿನ ಗುಳ್ಳೆನರಿಯನ್ನೇ ಅಟ್ಟಿದರು! ಮೀನಿನ ವಿಷಯದಲ್ಲಿ ಮಾತ್ರ ಹೀಗೆ ಬದಲಿ ಸಿಗಲಿಲ್ಲ.

ಆಂಗ್ಲರಿಗೆ ಗಾಳ ಹಾಕುವುದು ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ. ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಐಸಾಕ್ ವಾಲ್ಟನ್ ಎಂಬಾತ ಅಂತರ್ಯುದ್ಧದ ಗದ್ದಲದ ಕಾಲದಲ್ಲಿ ವ್ಯಾಪಾರದಿಂದ ಹಿಂದೆ ಸರಿದ. ಅವನು 1653ರಲ್ಲಿ ಪ್ರಕಟಿಸಿದ 'ದಿ ಕಂಪ್ಲೀಟ್ ಆಂಗ್ಲರ್' ಮೀನು ಹಿಡಿಯುವ ಕೈಪಿಡಿಯೂ ಹೌದು, ಅವಸರವಿಲ್ಲದ ಬದುಕಿನ ಹೊಗಳಿಕೆಯೂ ಹೌದು. ಅಂದಿನಿಂದ ನಿವೃತ್ತಿ, ಹಳ್ಳಿ, ನೀರಿನ ದಡ, ಗಾಳದ ಕೋಲು ಇವೆಲ್ಲ ಆಂಗ್ಲರ ಮನಸ್ಸಿನಲ್ಲಿ ಒಂದೇ ಚಿತ್ರವಾಗಿ ಕೂತವು. ಊಟಿಯಲ್ಲಿ ಹಳ್ಳಿಯಂಥ ಊರಿತ್ತು, ನೀರಿತ್ತು, ಪಿಂಚಣಿಯೂ ಇತ್ತು. ಮೀನು ಮಾತ್ರ ಇರಲಿಲ್ಲ.

ನೀಲಗಿರಿಯ ಮೇಲ್ಮಟ್ಟದ ಹಳ್ಳಗಳಲ್ಲಿ ಬೆರಳುದ್ದದ ಸಣ್ಣ ಮೀನುಗಳೇ ಹೆಚ್ಚು. ಪೈಕಾರ, ಕಲ್ಲಟ್ಟಿ, ಕ್ಯಾಥರೀನ್ ಮುಂತಾದ ಜಲಪಾತಗಳು ಇದಕ್ಕೆ ಒಂದು ಕಾರಣ. ಕೆಳಗಿನ ನದಿಯ ದೊಡ್ಡ ಮೀನು ಎಷ್ಟೇ ಬಲಶಾಲಿಯಾದರೂ ನೂರಾರು ಅಡಿ ನೇರ ಬೀಳುವ ನೀರನ್ನು ಹತ್ತಿ ಬರಲಾರದು. ಹಾಲು, ತುಪ್ಪವನ್ನೇ ನೆಚ್ಚಿ ಮಾಂಸ ಮುಟ್ಟದ ತೋಡರಿಗೆ ಇದೊಂದು ಕೊರತೆಯೇ ಆಗಿರಲಿಲ್ಲ.

ಮೈಸೂರು ಸೀಮೆಯಲ್ಲೂ ಕೆರೆ ಮೀನೆಂದರೆ ಅರ್ಥ ಬೇರೆ. ಅಲ್ಲಿ ಕೆರೆ ಊರಿನ ಆಸ್ತಿ. ಮೀನು ಆ ಕೆರೆಯ ಒಂದು ಫಸಲು. ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಬೀಳುತ್ತದೆ. ಮಲೆನಾಡಿನ ಸೊರಬ, ಸಾಗರದ ಕಡೆ ಇಂದಿಗೂ ನಡೆಯುವ ಕೆರೆಬೇಟೆಯಲ್ಲಿ ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಕೆಸರಿಗಿಳಿಯುತ್ತದೆ. ಕೂಗು, ನಗು, ಪೈಪೋಟಿ ಎಲ್ಲವೂ ಅಲ್ಲಿ ಉಂಟು. ಒಬ್ಬನೇ ಕೂತು, ಸದ್ದಿಲ್ಲದೆ ಗಂಟೆಗಟ್ಟಲೆ ಕಾದು, ಸಿಕ್ಕ ಮೀನಿನ ತೂಕ ಬರೆದಿಟ್ಟುಕೊಳ್ಳುವ ಹವ್ಯಾಸ ಬಿಳಿಯರ ಜತೆ ಬಂದದ್ದು.

ಮಂಜುಗಡ್ಡೆಯಲ್ಲಿ ಮೊಟ್ಟೆ

ಆ ಹವ್ಯಾಸಕ್ಕೆ ಬೇಕಾಗಿದ್ದ ಮೀನು ಟ್ರೌಟ್. ಮೈಮೇಲೆ ಚುಕ್ಕಿಗಳಿರುವ ಈ ಮೀನು ತಣ್ಣನೆಯ, ಸದಾ ಹರಿಯುವ ತಿಳಿನೀರಿನದು. ನೀರಿನ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಬಳಲುತ್ತದೆ. 25ರ ಆಸುಪಾಸಿಗೆ ಬಂದರೆ ಬದುಕುವುದು ಕಷ್ಟ. ಬದುಕಿರುವ ಮೀನನ್ನು ಇಂಗ್ಲೆಂಡಿನಿಂದ ಉಷ್ಣವಲಯದ ಕಡಲು ದಾಟಿಸುವುದು ಅಂದು ದುಸ್ಸಾಹಸವೇ ಸರಿ. ಮೊಟ್ಟೆಗಳನ್ನು ತರುವುದು ಸುಲಭವೆಂದು ತೋರಿತು. 10 ಡಿಗ್ರಿ ನೀರಿನಲ್ಲಿ ಅವು ಒಡೆದು ಮರಿಯಾಗಲು ಸುಮಾರು 6 ವಾರ ಬೇಕು. ಮಂಜುಗಡ್ಡೆಯಲ್ಲಿಟ್ಟರೆ ಇನ್ನೂ ತಡ. ಆ ಅವಧಿಯೊಳಗೆ ಊಟಿ ಸೇರಿದರೆ ಗೆದ್ದಂತೆ.

ಈ ಪ್ರಯತ್ನಕ್ಕೆ ಮೊದಲು ಕೈಹಾಕಿದವನು ಮದರಾಸು ಸೇನೆಯ ವೈದ್ಯ ಫ್ರಾನ್ಸಿಸ್ ಡೇ. ಭಾರತದ ಮೀನುಗಳ ಬಗ್ಗೆ 1875-78ರಲ್ಲಿ ಇವನು ಹೊರತಂದ ಬೃಹತ್ ಗ್ರಂಥವನ್ನು ಸಂಶೋಧಕರು ಇಂದಿಗೂ ತೆರೆದು ನೋಡುತ್ತಾರೆ. 1863ರಲ್ಲಿ ಡೇ ಟ್ರೌಟ್ ಮೊಟ್ಟೆಗಳನ್ನು ನೀಲಗಿರಿಗೆ ತರಲು ಯತ್ನಿಸಿ ವಿಫಲನಾದ. ಆಗ ಸೂಯೆಜ್ ಕಾಲುವೆ ತೆರೆದಿರಲಿಲ್ಲ. ಈಜಿಪ್ಟಿನ ಮರಳುಗಾಡನ್ನು ನೆಲದ ಮೇಲೆ ದಾಟಿ ಮತ್ತೆ ಹಡಗು ಹತ್ತಬೇಕಿತ್ತು. ಮೇಟುಪಾಳ್ಯಕ್ಕೆ ರೈಲು ಬರಲು ಇನ್ನೂ 10 ವರ್ಷವಿತ್ತು. ಬಂಡಿಯಲ್ಲಿ ಘಟ್ಟ ಹತ್ತುವ ಮೊದಲು ಬಯಲಿನ ಬಿಸಿಲನ್ನು ಆ ಮೊಟ್ಟೆಗಳು ತಡೆಯಬೇಕಿತ್ತು.

ಮರುವರ್ಷವೇ, ಅಂದರೆ 1864ರಲ್ಲಿ, 'ನಾರ್ಫೋಕ್' ಎಂಬ ಹಡಗು ಪಾಚಿಯಲ್ಲಿ ಸುತ್ತಿ ಮಂಜುಗಡ್ಡೆಯ ರಾಶಿಯ ಕೆಳಗೆ ಹೂತಿಟ್ಟ ಮೊಟ್ಟೆಗಳನ್ನು ಸುಮಾರು 3 ತಿಂಗಳ ಪಯಣದ ನಂತರ ಆಸ್ಟ್ರೇಲಿಯಕ್ಕೆ ಮುಟ್ಟಿಸಿತು. ಅಲ್ಲಿಂದ ಟಾಸ್ಮೇನಿಯ ತಲುಪಿದ ಮೊಟ್ಟೆಗಳು ಮೇ ತಿಂಗಳಲ್ಲಿ ಒಡೆದು ಮರಿಗಳಾದವು. ಭೂಮಿಯ ದಕ್ಷಿಣಾರ್ಧಕ್ಕೆ ಟ್ರೌಟ್ ಹೀಗೆ ಕಾಲಿಟ್ಟಿತು. ಊಟಿಯವರಿಗೆ ಇದು ಹೊಸ ಹುರುಪು ಕೊಟ್ಟಿರಬೇಕು. ಅಲ್ಲಿ ಆದದ್ದು ಇಲ್ಲೇಕಾಗದು?

1866ರಲ್ಲಿ ಈ ಕೆಲಸ ಕೈಗೆತ್ತಿಕೊಂಡವನು ವಿಲಿಯಂ ಮೆಕೈವರ್. ಊಟಿಯ ಸಸ್ಯೋದ್ಯಾನವನ್ನು ರೂಪಿಸಿದವನು, ಮಲೇರಿಯಾಕ್ಕೆ ಮದ್ದಾದ ಸಿಂಕೋನ ಮರವನ್ನು ನೀಲಗಿರಿಯಲ್ಲಿ ಬೆಳೆಸಿದವನು ಇವನೇ. ದೂರದ ಗಿಡವನ್ನು ತಂದು ಬದುಕಿಸುವ ಕಲೆ ಬಲ್ಲವನಿಗೆ ಮೀನೂ ಒಗ್ಗೀತೆಂಬ ನಂಬಿಕೆ. ಅವನು ಇಂಗ್ಲೆಂಡಿನಿಂದ ತಂದ ಮೀನುಗಳಲ್ಲಿ ಟ್ರೌಟ್ ಮತ್ತು ಟೆಂಚ್ ಎರಡೂ ಇದ್ದವು. ಕೆಸರು, ಕಳೆ, ನಿಂತ ನೀರು ಯಾವುದಕ್ಕೂ ಅಂಜದ ಟೆಂಚ್ ಊಟಿಯ ಕೆರೆಯಲ್ಲಿ ಬೇರೂರಿತು. ಎಲ್ಲರೂ ಕಾದಿದ್ದ ಟ್ರೌಟ್ ನೆಲೆಯೂರಲಿಲ್ಲ.

ಮಂಗಳೂರಿನ ಪುಸ್ತಕ, ಊಟಿಯ ಕಾನೂನು

ಇದೇ ಹೊತ್ತಿಗೆ ಘಟ್ಟದ ಕೆಳಗೆ ಇನ್ನೊಬ್ಬ ಕಲೆಕ್ಟರ್ ಬೇರೆ ಮಾತು ಹೇಳುತ್ತಿದ್ದ. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಹುಚ್ಚು ಹತ್ತಿಸಿಕೊಂಡವನು. 'ದಿ ರಾಡ್ ಇನ್ ಇಂಡಿಯಾ' ಎಂಬ ಅವನ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಭಾರತದ ನದಿಗಳ ಮಹಸೀರ್ ಮೀನು ಗಾಳಕ್ಕೆ ಸಿಕ್ಕಾಗ ತೋರುವ ಬಲದಲ್ಲಿ ಇಂಗ್ಲೆಂಡಿನ ಸಾಲ್ಮನ್‌ಗೂ ಒಂದು ಕೈ ಮೇಲು ಎಂಬುದು ಅವನ ಖಚಿತ ಅಭಿಪ್ರಾಯ. 1887ರಲ್ಲಿ ಅವನು ಬಯಲು ಸೀಮೆಯ ಕೆರೆಗಳಲ್ಲಿ ಗಾಳ ಹಾಕುವ ಬಗ್ಗೆಯೇ ಪ್ರತ್ಯೇಕ ಪುಸ್ತಕ ಬರೆದ. ಶೃಂಗೇರಿಯಲ್ಲಿ, ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವರ ಮೀನೆಂದು ಭಕ್ತರು ಅಕ್ಕಿ, ಮಂಡಕ್ಕಿ ಹಾಕುವುದು ಈ ಮಹಸೀರ್ ಜಾತಿಗೇ.

ಪುಸ್ತಕ ಮರುಮುದ್ರಣಗಳನ್ನು ಕಂಡಿತು. ಆದರೆ ಊಟಿಯ ಟ್ರೌಟ್ ಹಂಬಲ ತಗ್ಗಲಿಲ್ಲ. 1877ರಲ್ಲಿ ಬೇಟೆಗಾರರೂ ಗಾಳಿಗರೂ ಸೇರಿ ನೀಲಗಿರಿಯಲ್ಲಿ ಸಂಘವೊಂದನ್ನು ಕಟ್ಟಿಕೊಂಡರು. ಎರಡೇ ವರ್ಷದಲ್ಲಿ, 1879ರಲ್ಲಿ, ನೀಲಗಿರಿಯ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದು ಮದರಾಸು ಸರ್ಕಾರ ಕಾಯ್ದೆ ಮಾಡಿತು. ಯಾವ ತಿಂಗಳಲ್ಲಿ ಬೇಟೆ ಕೂಡದು, ಯಾರಿಗೆ ಪರವಾನಗಿ, ಎಷ್ಟು ಶುಲ್ಕ ಎಂಬ ಕ್ರಮ ಬಂತು.

ಕಾಯ್ದೆಯಿಂದ ಒಳಿತೂ ಆಯಿತು. ಮನಬಂದಂತೆ ಗುಂಡು ಹಾರಿಸಿ ನೀಲಗಿರಿಯ ವರೆಯಾಡನ್ನು ಅಳಿವಿನ ಅಂಚಿಗೆ ತಂದವರಲ್ಲಿ ಬಿಳಿಯರೇ ಮುಂದಿದ್ದರು. ಅವರ ಕೈಯನ್ನೇ ಕಾಯ್ದೆ ಕಟ್ಟಿತು. ಹಳ್ಳಕ್ಕೆ ವಿಷ ಹಾಕಿ ಮೀನನ್ನೆಲ್ಲ ಒಮ್ಮೆಗೇ ಬಳಿಯುವುದನ್ನು, ನೀರಿನಲ್ಲಿ ಸಿಡಿಮದ್ದು ಸಿಡಿಸುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ದೇಶದಾದ್ಯಂತ ಅಪರಾಧವೆಂದು ಸಾರಿತು. ಡೇ, ಥಾಮಸ್ ಇಬ್ಬರೂ ಇಂಥ ಕಾನೂನು ಬೇಕೆಂದು ಬರೆದವರೇ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಬೆಟ್ಟದ ನೀರು, ಕಾಡು ಎರಡೂ ಇನ್ನು ಪರವಾನಗಿ ಕೊಳ್ಳಬಲ್ಲವರ ವಿರಾಮದ ಜಾಗಗಳಾದವು. ಕಾಪಾಡಬೇಕಾದ ಮೀನು ಯಾವುದೆಂದು ತೀರ್ಮಾನಿಸಿದವರೂ ಅವರೇ. ಜಲಪಾತದ ಮೇಲಿನ ಬೆರಳುದ್ದದ ಮೀನುಗಳ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಗೆದ್ದದ್ದು ಅಮೆರಿಕದ ಮೀನು

ಟ್ರೌಟ್ ಕೊನೆಗೂ ನೀಲಗಿರಿಯಲ್ಲಿ ನೆಲೆಯೂರಿದ್ದು 20ನೇ ಶತಮಾನದಲ್ಲಿ. ಮೀನು ಸಾಕಣೆಯ ತಜ್ಞ ಎಚ್. ಸಿ. ವಿಲ್ಸನ್ ಈ ಕೆಲಸ ವಹಿಸಿಕೊಂಡ. ಅವನು ಕೆರೆಯನ್ನು ಬಿಟ್ಟು ಹಳ್ಳಗಳತ್ತ ನೋಡಿದ. ಊಟಿಯಿಂದ ಸುಮಾರು 25 ಕಿಲೋಮೀಟರ್ ದೂರದ ಅವಲಾಂಚೆಯಲ್ಲಿ, ಶೋಲಾ ಕಾಡಿನಿಂದ ಇಳಿಯುವ ತಣ್ಣೀರಿನ ಬಳಿ, 1907ರಲ್ಲಿ ಮೀನುಮರಿ ಉತ್ಪಾದನಾ ಕೇಂದ್ರ ಆರಂಭವಾಯಿತು. ಸಿಂಹಳ, ಜರ್ಮನಿ, ನ್ಯೂಜಿಲೆಂಡ್‌ಗಳಿಂದ ಮೊಟ್ಟೆಗಳು ಬಂದವು. 1910ರ ಸುಮಾರಿಗೆ ಹಳ್ಳಗಳಲ್ಲಿ ಟ್ರೌಟ್ ತಾನಾಗಿ ಸಂತಾನ ಬೆಳೆಸತೊಡಗಿತು.

ಹೀಗೆ ಉಳಿದದ್ದು ಇಂಗ್ಲೆಂಡಿನ ಕಂದು ಟ್ರೌಟ್ ಅಲ್ಲ, ಪಕ್ಕೆಯ ಮೇಲೆ ಗುಲಾಬಿ ಪಟ್ಟೆಯಿರುವ 'ರೇನ್‌ಬೋ' ಟ್ರೌಟ್. ಇದರ ತವರು ಉತ್ತರ ಅಮೆರಿಕದ ಪಶ್ಚಿಮ ಕರಾವಳಿ. ಕಂದು ಟ್ರೌಟ್‌ಗಿಂತ ಸ್ವಲ್ಪ ಹೆಚ್ಚು ಬಿಸಿಯನ್ನು ಇದು ತಾಳಬಲ್ಲದು. ಕ್ಯಾಲಿಫೋರ್ನಿಯದ ತೊರೆಗಳಿಂದ 1883ರಲ್ಲಿ ನ್ಯೂಜಿಲೆಂಡಿಗೆ ಹೋದ ಈ ಮೀನು ಬ್ರಿಟಿಷ್ ಸಾಮ್ರಾಜ್ಯದ ಬೆಟ್ಟದೂರುಗಳಿಗೆಲ್ಲ ಹಬ್ಬಿತು. ಸಿಂಹಳದ ನುವರ ಎಲಿಯಕ್ಕೂ ಬಂತು. ತವರಿನ ನೆನಪಿಗಾಗಿ ಅರ್ಧ ಶತಮಾನ ಹೆಣಗಿದವರ ಗಾಳಕ್ಕೆ ಕೊನೆಯಲ್ಲಿ ಸಿಕ್ಕಿದ್ದು ಅವರ ತವರಿನಲ್ಲಿ ಇರದಿದ್ದ ಮೀನು!

ಮೇಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ಬಂದಿದ್ದ ಹಲ್ಲುಕಂಬಿಯ ರೈಲು 1908ರಲ್ಲಿ ಊಟಿ ಮುಟ್ಟಿತ್ತು. ಬೇಸಿಗೆಯ ಗಾಳಿಗರು ಹೆಚ್ಚಾದರು. ಅಷ್ಟಕ್ಕೇ ನಿಲ್ಲಲಿಲ್ಲ. 1939ರಲ್ಲಿ ಸಿಂಹಳದಿಂದ ಯೂರೋಪ್ ತಳಿಯ ಸಾಮಾನ್ಯ ಗೆಂಡೆಯನ್ನು ನೀಲಗಿರಿಗೆ ತರಲಾಯಿತು. ಮೈಮೇಲೆ ಅಲ್ಲಲ್ಲಿ ಕನ್ನಡಿಯಂಥ ದೊಡ್ಡ ಹುರುಪೆಗಳಿರುವ ಈ ಮೀನನ್ನು 1947ರಲ್ಲಿ ಇಲ್ಲಿಂದಲೇ ಹಿಮಾಲಯದ ಕುಮಾವೂಂ ಕಡೆಗೂ ಒಯ್ದರು. ತಳದ ಕೆಸರನ್ನು ಕೆದಕಿ ತಿನ್ನುವ ಗೆಂಡೆ ತಾನು ಹೋದ ಕೆರೆಯ ತಿಳಿನೀರನ್ನು ರಾಡಿ ಮಾಡುತ್ತದೆ. ಕುಮಾವೂಂ ಸರೋವರಗಳಲ್ಲಿ ಸ್ಥಳೀಯ ಮೀನುಗಳು ಕಡಿಮೆಯಾಗಲು ಇದೂ ಒಂದು ಕಾರಣವೆಂದು ಮೀನುಗಾರಿಕೆ ತಜ್ಞರು ಗುರುತಿಸಿದ್ದಾರೆ.

ಅಷ್ಟರಲ್ಲಿ ನೀಲಗಿರಿಯ ಹಳ್ಳಗಳೇ ಸರೋವರಗಳಾಗುತ್ತಿದ್ದವು. 1932ರಲ್ಲಿ ಪೈಕಾರ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. 1938ರಲ್ಲಿ ಮುಕುರ್ತಿ ಅಣೆಕಟ್ಟು ಎದ್ದಿತು. ಸ್ವಾತಂತ್ರ್ಯದ ನಂತರ ಕೆನಡಾದ ನೆರವಿನಿಂದ ಕುಂದಾ ಯೋಜನೆ ಬಂದು ಅವಲಾಂಚೆ, ಎಮರಾಲ್ಡ್, ಮೇಲಣ ಭವಾನಿ ಜಲಾಶಯಗಳು ತುಂಬಿದವು. ತೊರೆಯ ಟ್ರೌಟ್ ಈ ಹೊಸ ಸರೋವರಗಳಿಗೂ ಇಳಿಯಿತು.

ಕೆರೆ ಕುಗ್ಗಿತು

ಎಲ್ಲಕ್ಕೂ ಮೊದಲಿನ ಊಟಿಯ ಕೆರೆಯ ಗತಿ ಏನಾಯಿತು? ಅದು ಇಂದು ಸುಮಾರು 65 ಎಕರೆ. ಸಲಿವನ್ನನ ಕಾಲದಲ್ಲಿ ನೀರು ಇಂದಿನ ಬಸ್ ನಿಲ್ದಾಣ, ಕುದುರೆ ಪಂದ್ಯದ ಮೈದಾನಗಳಿದ್ದ ಜಾಗವನ್ನೂ ಆವರಿಸಿತ್ತು. ಊರು ಬೆಳೆದಂತೆ ಮೇಲ್ಭಾಗ ಹೂಳು ತುಂಬಿತು. ಹೂಳಿನ ನೆಲವನ್ನು ಮಟ್ಟ ಮಾಡಿ ಪಂದ್ಯದ ಮೈದಾನ ಮಾಡಲಾಯಿತು. 2024ರಲ್ಲಿ ತಮಿಳುನಾಡು ಸರ್ಕಾರ ಆ 52 ಎಕರೆ ಮೈದಾನವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಊರಿನ ಚರಂಡಿ ನೀರು ಕೆರೆ ಸೇರುತ್ತ ಬಂದದ್ದು ಹಲವು ದಶಕಗಳ ತಲೆನೋವು. ತಿಳಿನೀರಿನ ಮೀನಿಗೆ ಅಲ್ಲಿ ಜಾಗವಿಲ್ಲ. ಕೆಸರನ್ನು ತಾಳುವ ಗೆಂಡೆಯಂಥವು ಬಾಳುತ್ತವೆ.

1877ರಲ್ಲಿ ಹುಟ್ಟಿದ ಗಾಳಿಗರ, ಬೇಟೆಗಾರರ ಸಂಘ ಮುಂದೆ ವನ್ಯಜೀವಿ ಮತ್ತು ಪರಿಸರ ಸಂಘವಾಯಿತು. ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬೆಟ್ಟದ ಹುಲ್ಲುಗಾವಲನ್ನು ನುಂಗಿದ ಅಕೇಶಿಯ, ನೀಲಗಿರಿ ಮರಗಳನ್ನು ತೆಗೆದು ಹಳೆಯ ಹುಲ್ಲನ್ನು ಮರಳಿ ಬೆಳೆಸುವ ಮಾತು ಈಗ ನಡೆದಿದೆ. ಗಿಡದ ವಿಷಯದಲ್ಲಿ ಪರದೇಶದ್ದು ಯಾವುದು, ಇಲ್ಲಿನದು ಯಾವುದು ಎಂಬ ಎಚ್ಚರ ಮೂಡಿದೆ. ಮೀನಿನ ವಿಷಯದಲ್ಲಿ ಆ ಎಚ್ಚರ ಇನ್ನೂ ಅಷ್ಟಿಲ್ಲ. ಕಾರಣ ಸರಳ. ಮರ ಕಣ್ಣಿಗೆ ಕಾಣುತ್ತದೆ. ನೀರಿನೊಳಗೆ ಏನು ಇಲ್ಲವಾಯಿತೆಂಬುದು ಕಾಣುವುದಿಲ್ಲ.

ಅದೇ ನೀರಿನ ಕೆಳಗೆ

ಮುಕುರ್ತಿಯ ಬಳಿ ಹುಟ್ಟುವ ಪೈಕಾರ ನದಿ ಬೆಟ್ಟ ಇಳಿದ ಮೇಲೆ ಮೋಯಾರ್ ಎನಿಸಿಕೊಳ್ಳುತ್ತದೆ. ಕರ್ನಾಟಕದ ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೆಗೂ ನಡುವೆ ಎಲ್ಲೆಯಾಗಿ ಹರಿದು, ಭವಾನಿಯನ್ನು ಕೂಡಿ, ಕಾವೇರಿಗೆ ಸೇರುತ್ತದೆ. ಜಲಪಾತ ಹತ್ತಲಾರದ ದೊಡ್ಡ ಮೀನುಗಳ ನೆಲೆ ಇದು. ಇಲ್ಲಿನ ಹಿರಿಯ ಮೀನು ಬೆನ್ನು ಗೂನಾದ ಕಾವೇರಿ ಮಹಸೀರ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋಗ್ರಾಂಗೂ ಮಿಕ್ಕಿ ತೂಗಿತ್ತು.

ಕಾವೇರಿಯಲ್ಲೂ ನೀಲಗಿರಿಯ ಕಥೆ ಇನ್ನೊಂದು ಬಗೆಯಲ್ಲಿ ನಡೆಯಿತು. ಮಹಸೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಸೀರ್ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಮೀನು ಹೆಚ್ಚಿತು, ಗಾಳಿಗರು ಸಂತೋಷಪಟ್ಟರು. ಆದರೆ ಗಾಲಿಬೋರೆಯ ಗಾಳಿಗರ ಶಿಬಿರದಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಹೆಚ್ಚಿದ್ದು ಹೊರಗಿನ ನೀಲಿರೆಕ್ಕೆ, ಕುಸಿದದ್ದು ಊರಿನ ಗೂನು ಬೆನ್ನಿನ ಮೀನು ಎಂಬುದು ಬಯಲಾಯಿತು. ಹಿಡಿದ ಪ್ರತಿ ಮೀನನ್ನೂ ಬರೆದಿಡುವ ಗಾಳಿಗರ ಆ ಹಳೆಯ ಅಭ್ಯಾಸವೇ ಸತ್ಯ ತಿಳಿಯಲು ನೆರವಾಯಿತು.

ಅಷ್ಟು ದೊಡ್ಡ, ಅಷ್ಟು ಹೆಸರಾಂತ ಈ ಮೀನು ಯಾವ ಪ್ರಭೇದವೆಂಬುದು ಇತ್ಯರ್ಥವಾದದ್ದು 2018ರಲ್ಲಿ. ಮೋಯಾರ್‌ನಲ್ಲಿ ಸಿಕ್ಕ ಮಾದರಿಗಳನ್ನು ಪರೀಕ್ಷಿಸಿದ ತಜ್ಞರು, ಕೇರಳದ ಪಂಬಾರ್ ನದಿಯ ಮೀನಿಗೆ ಮೊದಲೇ ಇಟ್ಟಿದ್ದ 'ಟಾರ್ ರೆಮದೇವಿ' ಎಂಬ ಹೆಸರೇ ಇದಕ್ಕೂ ಸಲ್ಲುವುದೆಂದು ತೋರಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ತೀವ್ರ ಅಳಿವಿನ ಭೀತಿಯ ಪಟ್ಟಿಗೆ ಸೇರಿಸಿತು. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಈ ಮೀನಿಲ್ಲ.

ಇಂದು ಬೆಟ್ಟ ಹತ್ತುವವರು ಬದಲಾಗಿದ್ದಾರೆ. ಬೆಂಗಳೂರಿನ ದಟ್ಟಣೆಯಿಂದ ಬೇಸತ್ತವರು ಕೊಡಗು, ಚಿಕ್ಕಮಗಳೂರು, ನೀಲಗಿರಿಗಳಲ್ಲಿ ಜಾಗ ಹುಡುಕುತ್ತಿದ್ದಾರೆ. ತೋಟದ ನಡುವೆ ಮನೆ, ಮನೆಯ ಮುಂದೆ ಕೆರೆ, ಕೆರೆಗೆ ಬಿಡಲು ಮೀನುಮರಿ! ಮಳೆಗಾಲದಲ್ಲಿ ಆ ಕೆರೆ ಕೋಡಿ ಬಿದ್ದರೆ ನೀರು ಹೋಗುವುದು ಹತ್ತಿರದ ಹಳ್ಳಕ್ಕೆ, ಹಳ್ಳ ಹೋಗುವುದು ಹೊಳೆಗೆ. ಯಾವ ಮರಿ ಬಿಡುತ್ತೇವೆ, ಆ ಹೊಳೆಯಲ್ಲಿ ಮೊದಲೇ ಇರುವುದು ಯಾವುದು ಎಂದು ಕೇಳಿಕೊಳ್ಳಲು ಹೆಚ್ಚು ಖರ್ಚಿಲ್ಲ. ನೀಲಗಿರಿಯಲ್ಲಿ 1863ರಿಂದ ಅರ್ಧ ಶತಮಾನ ಮೊಟ್ಟೆ ತರಿಸಿದವರಲ್ಲಿ ಆ ಪ್ರಶ್ನೆ ಕೇಳಿದವರು ಬಹಳ ಮಂದಿ ಇರಲಿಲ್ಲ.